ದಾನಿ–ಸಂಸ್ಥೆಗಳ ನಂಟು (ಬೆಂಗಳೂರು ಪಶ್ಚಿಮ)

ಅನ್ನದಾನ, ವಿದ್ಯಾದಾನ, ದೇವರ ಸೇವೆ ಮುಂತಾದ ಕಾರ್ಯಗಳಿಗೆ ಒಮ್ಮೆ ಹಣ ಕೊಟ್ಟವರನ್ನು ಸಂಸ್ಥೆಯೊಂದು ವರ್ಷಾನುವರ್ಷ ತನ್ನವರಾಗಿ ಉಳಿಸಿಕೊಳ್ಳುವ ಕ್ರಮ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಇದರ ಹಳೆಯ ರೂಪವೂ ಹೊಸ ರೂಪವೂ ಅಕ್ಕಪಕ್ಕದ ರಸ್ತೆಗಳಲ್ಲೇ ಸಿಗುತ್ತವೆ. ಕೊಟ್ಟ ಮೊತ್ತವನ್ನಲ್ಲ, ಕೊಟ್ಟವರ ದಿನವನ್ನು ನೆನಪಿಟ್ಟುಕೊಂಡ ಸಂಸ್ಥೆಗಳೇ ಈ ಕೆಲಸದಲ್ಲಿ ಗೆದ್ದಿವೆ ಎಂಬುದು ಇದರ ಇತಿಹಾಸ ನೋಡಿದವರಿಗೆ ತೋರುವ ಸಂಗತಿ.

ಕರ್ನಾಟಕದ ದಾನಶಾಸನಗಳಲ್ಲೇ ಇದರ ಬೇರು ಇದೆ. ಉತ್ತರಾಯಣ ಸಂಕ್ರಮಣವೋ ಗ್ರಹಣವೋ ಬಂದ ದಿನ ಧಾರಾಪೂರ್ವಕವಾಗಿ ಭೂಮಿ ಬಿಟ್ಟವನ ಹೆಸರು, ತಿಥಿ, ಗದ್ದೆಯ ಎಲ್ಲೆ, ಅದರ ಹುಟ್ಟುವಳಿ ಯಾವುದಕ್ಕೆ ಸಲ್ಲಬೇಕು ಎಂಬುದೆಲ್ಲ ಕಲ್ಲಿನ ಮೇಲೆ ಬರುತ್ತಿತ್ತು. ನಂದಾದೀವಿಗೆಗೆ ಕೊಟ್ಟದ್ದನ್ನು ಬೇರೆಯದಕ್ಕೆ ಬಳಸುವಂತಿರಲಿಲ್ಲ. ದತ್ತಿ ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಬರಲೆಂಬ ಶಾಪ ಕೊನೆಯಲ್ಲಿರುತ್ತಿತ್ತು. ಕೊಟ್ಟ ಉದ್ದೇಶಕ್ಕೇ ಹಣ ಸಲ್ಲಬೇಕೆಂಬುದನ್ನೇ ಇಂದಿನ ಲೆಕ್ಕಪರಿಶೋಧನೆಯೂ ಕಾಯುತ್ತದೆ, ಶಾಪವೊಂದು ಮಾತ್ರ ಇಲ್ಲ. ಶರಣರ ದಾಸೋಹದ ದಾರಿ ಬೇರೆ: ಅಲ್ಲಿ ನೀಡುವವನು ದಾಸ, ಕೊಟ್ಟೆನೆಂಬ ಮಾತಿಗೇ ಎಡೆಯಿಲ್ಲ. ಹೆಸರು ಕೆತ್ತಿಸುವ ಆಸೆಯೂ ಹೆಸರು ಬೇಡವೆನ್ನುವ ಸಂಕೋಚವೂ ಕನ್ನಡ ದಾನಿಯಲ್ಲಿ ಇಂದಿಗೂ ಒಟ್ಟಿಗೇ ಇವೆ.

ಶಾಸನದ ಕ್ರಮಕ್ಕೆ ನೇರ ವಾರಸುದಾರನೆಂದರೆ ದೇವಸ್ಥಾನ, ಮಠಗಳ ಶಾಶ್ವತ ಸೇವೆ. ಭಕ್ತರು ಒಂದು ಇಡುಗಂಟು ಕೊಡುತ್ತಾರೆ. ಅದನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಬಂದ ಬಡ್ಡಿಯಲ್ಲಿ ಅವರು ಹೇಳಿದ ದಿನ, ಮಗನ ಜನ್ಮನಕ್ಷತ್ರವೋ ತಂದೆಯ ತಿಥಿಯೋ, ಪ್ರತಿವರ್ಷ ಪೂಜೆ ನಡೆಯುತ್ತದೆ. ಬರಲಾಗದವರಿಗೆ ಪ್ರಸಾದ ಅಂಚೆಯಲ್ಲಿ ಹೋಗುತ್ತದೆ. ಕುಂಕುಮ, ಮಂತ್ರಾಕ್ಷತೆಯಿದ್ದ ಆ ಲಕೋಟೆ ಮನೆ ಬದಲಾದರೂ ಹುಡುಕಿಕೊಂಡು ಬಂದರೆ ನಂಟು ಮುಂದಿನ ತಲೆಮಾರಿಗೆ ದಾಟುತ್ತದೆ. ವಿಳಾಸದ ಪುಸ್ತಕ ತಿದ್ದದ ಕಚೇರಿಯಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳೂ ಇದೇ ಜಾಡಿನವು. ತಂದೆತಾಯಿಯ ಹೆಸರಿನಲ್ಲಿಟ್ಟ ನಿಧಿಯ ಬಡ್ಡಿಯಿಂದ ವರ್ಷಕ್ಕೊಂದು ಕಾರ್ಯಕ್ರಮ, ವೇದಿಕೆಯ ಮೇಲೆ ದತ್ತಿದಾನಿಗೊಂದು ಕುರ್ಚಿ. ಈ ಪದ್ಧತಿಯ ದೌರ್ಬಲ್ಯ ಇರುವುದು ಹಣದುಬ್ಬರದಲ್ಲಿ. ಅರ್ಧ ಶತಮಾನದ ಹಿಂದೆ ಕಟ್ಟಿದ ನೂರಿನ್ನೂರು ರೂಪಾಯಿಯ ಬಡ್ಡಿಗೆ ಇಂದು ತೆಂಗಿನಕಾಯಿಯೂ ಬರುವುದಿಲ್ಲ. ಆದ್ದರಿಂದ ಹಲವು ಕಡೆ ಶಾಶ್ವತವೆಂಬುದಕ್ಕೆ ಇಷ್ಟು ವರ್ಷವೆಂದು ಗಡುವು ಬಂದಿದೆ. ಹಳೆಯ ದಾನಿಗಳ ಮಕ್ಕಳನ್ನು ಕರೆದು ನಿಧಿ ಹೆಚ್ಚಿಸಿ ಎಂದು ಕೇಳಿದವರು ಜಾಣರು.

ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರ, ಮುಂದೆ ಬೆಳೆದ ವಿಜಯನಗರ, ಬಸವೇಶ್ವರನಗರಗಳಿಗೆ ರಾಜರೂ ಇರಲಿಲ್ಲ, ಜಹಗೀರುದಾರರೂ ಇರಲಿಲ್ಲ. ಇದ್ದವರು ಕಾರ್ಖಾನೆಯ ಕಾರ್ಮಿಕರು, ಗುಮಾಸ್ತರು, ಮೇಷ್ಟ್ರುಗಳು. ಇಲ್ಲಿನ ರಾಮಮಂದಿರ, ಗಣೇಶೋತ್ಸವ, ರಾಜ್ಯೋತ್ಸವಗಳು ರಸೀತಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಎತ್ತಿದ ಚಂದಾದಿಂದ ನಡೆದವು. ಹೋದ ವರ್ಷ ಎಷ್ಟು ಕೊಟ್ಟಿದ್ದರೆಂದು ಹಳೆಯ ರಸೀತಿಯ ಪ್ರತಿ ತೋರಿಸುವುದು ಚಂದಾ ಎತ್ತುವವರ ಪಟ್ಟು. ಪಾತ್ರೆ, ಫ್ಯಾನು, ಗೋಡೆ ಗಡಿಯಾರಗಳ ಮೇಲೆ ದಾನಿಗಳ ಹೆಸರು ಇಲ್ಲೂ ಬಂದವು. ಬೆಳಕಿಗಿಂತ ಹೆಸರೇ ಎದ್ದು ಕಾಣುವ ಟ್ಯೂಬ್‌ಲೈಟು ನಗೆಚಾಟಿಕೆಗೆ ವಸ್ತುವಾದರೂ ಆ ಹೆಸರಿನ ಮನೆಯವರು ಮುಂದಿನ ವರ್ಷ ಇಲ್ಲವೆನ್ನುವುದು ಕಷ್ಟ.

ಮಠಗಳ ನಂಟು ಗುರುಪರಂಪರೆಯದು. 1974ರಲ್ಲಿ ಪೀಠಕ್ಕೆ ಬಂದ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಆದಿಚುಂಚನಗಿರಿ ಮಠ ಶಾಲೆ, ಕಾಲೇಜು, ಆಸ್ಪತ್ರೆಗಳಾಗಿ ಹರಡಿತು. ವಿಜಯನಗರದ ಶಾಖಾಮಠ, ಕೆಂಗೇರಿಯ ವಿದ್ಯಾಸಂಸ್ಥೆಗಳು ಆ ವಿಸ್ತಾರದ ಭಾಗ. ಇಲ್ಲಿ ಭಕ್ತರ ಮನೆತನವೇ ದಾನಿಗಳ ಪಟ್ಟಿ.

ಹೊಸ ಬಗೆಗೆ ದೊಡ್ಡ ಉದಾಹರಣೆ ರಾಜಾಜಿನಗರದ ಹರೇಕೃಷ್ಣ ಗಿರಿ. ಕಾರ್ಡ್ ರಸ್ತೆಯ ಪಕ್ಕದ ಬಂಡೆಗುಡ್ಡದ ಮೇಲೆ ಇಸ್ಕಾನ್ ಕಟ್ಟಿದ ದೇವಾಲಯವನ್ನು 1997ರಲ್ಲಿ ರಾಷ್ಟ್ರಪತಿ ಶಂಕರದಯಾಳ ಶರ್ಮ ಉದ್ಘಾಟಿಸಿದರು. ಇಲ್ಲಿಂದಲೇ 2000ದಲ್ಲಿ ದೇವಾಲಯದ ಅಧ್ಯಕ್ಷ ಮಧು ಪಂಡಿತ ದಾಸರ ನೇತೃತ್ವದಲ್ಲಿ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಅಕ್ಷಯ ಪಾತ್ರ ಆರಂಭವಾಯಿತು: 5 ಸರ್ಕಾರಿ ಶಾಲೆ, 1,500 ಮಕ್ಕಳು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕಡ್ಡಾಯಗೊಳಿಸಿತು. ರಾಜ್ಯದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಬಂತು. ಧಾನ್ಯ ಮತ್ತು ಅಡುಗೆ ವೆಚ್ಚದ ಒಂದು ಪಾಲು ಸರ್ಕಾರದ್ದಾದ ಮೇಲೆ ದಾನಿಯ ಹಣಕ್ಕೆ ಎರಡು ಕೆಲಸ ಉಳಿದವು: ಉಳಿದ ಖರ್ಚು ತುಂಬುವುದು, ಹೊಸ ಅಡುಗೆಮನೆ ಕಟ್ಟುವುದು. ಎರಡನೆಯದಕ್ಕೆ ಕಂಪನಿಗಳು, ಪ್ರತಿಷ್ಠಾನಗಳು, ಮೊದಲನೆಯದಕ್ಕೆ ಸಂಬಳದಾರರು.

ಸಂಬಳದಾರ ದಾನಿಗಳಿಗಾಗಿ ಸಂಸ್ಥೆ ಆರಿಸಿಕೊಂಡ ಅಳತೆ ಒಂದು ಮಗುವಿಗೆ ಒಂದು ವರ್ಷದ ಶಾಲೆಯೂಟ. ಒಂದು ಹಂತದಲ್ಲಿ ಅದು 750 ರೂಪಾಯಿ ಇತ್ತು, ಮುಂದೆ ಏರಿತು. ಮಗು ಮರುವರ್ಷವೂ ಶಾಲೆಗೆ ಬರುತ್ತದೆ, ಆದ್ದರಿಂದ ಮರುವರ್ಷ ಮತ್ತೆ ಕೇಳಲು ನೆಪ ಹುಡುಕಬೇಕಿಲ್ಲ. ಹುಟ್ಟುಹಬ್ಬ, ಮದುವೆಯ ದಿನ, ಹಿರಿಯರ ನೆನಪಿಗೆ ಊಟ ಕೊಡಿಸುವ ಏರ್ಪಾಡೂ ಬಂತು. ಶಾಶ್ವತ ಸೇವೆಯ ತಿಥಿಯೇ ಇಲ್ಲಿ ಹುಟ್ಟುಹಬ್ಬವಾಗಿದೆ ಎನ್ನಬಹುದು. 300 ಕೋಟಿಯನೆಯ ಊಟವನ್ನು 2019ರ ಫೆಬ್ರವರಿ 11ರಂದು ಪ್ರಧಾನಿ ವೃಂದಾವನದಲ್ಲಿ ಬಡಿಸಿದರು.

ಅಕ್ಷಯ ಪಾತ್ರ ದೊಡ್ಡದಾದಷ್ಟೂ ಪ್ರಶ್ನೆಗಳೂ ಬಂದವು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಊಟದ ಬಗ್ಗೆ ಕರ್ನಾಟಕದಲ್ಲಿ ವಾದ ನಡೆಯಿತು. 2020ರಲ್ಲಿ ಆಡಳಿತ ಕ್ರಮದ ಬಗ್ಗೆ ಭಿನ್ನಾಭಿಪ್ರಾಯ ಬಂದು ಕೆಲವು ಸ್ವತಂತ್ರ ಟ್ರಸ್ಟಿಗಳು ಹೊರಬಂದರು. ಲೆಕ್ಕಪತ್ರ ವರದಿಗೆ ಹಲವು ಸಲ ಪ್ರಶಸ್ತಿ ಪಡೆದ ಸಂಸ್ಥೆಯಲ್ಲೂ ದಾನಿಯ ನಂಬಿಕೆ ಲೆಕ್ಕದ ಮೇಲಷ್ಟೇ ನಿಂತಿರುವುದಿಲ್ಲ, ಯಾರ ಕೈಯಲ್ಲಿ ಲೆಕ್ಕವಿದೆ ಎಂಬುದೂ ಎಣಿಕೆಗೆ ಬರುತ್ತದೆ.

ಕಾನೂನು ಈ ನಂಟನ್ನು ಬೇರೆ ದಿಕ್ಕಿಗೆ ತಿರುಗಿಸಿದೆ. ಆದಾಯ ತೆರಿಗೆ ಕಾಯ್ದೆಯ 80ಜಿ ವಿನಾಯಿತಿಯಿಂದಾಗಿ ಮಾರ್ಚ್ ತಿಂಗಳು ದಾನದ ಸುಗ್ಗಿಯಾಯಿತು. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ನು 2014ರ ಏಪ್ರಿಲ್‌ನಿಂದ ಜಾರಿಗೆ ಬಂದು, ನಿಗದಿತ ಗಾತ್ರದ ಕಂಪನಿಗಳು ಲಾಭದ ಸರಾಸರಿಯ 2% ಸಮಾಜಕ್ಕೆ ಖರ್ಚು ಮಾಡಬೇಕಾಯಿತು. ಸಂಸ್ಥೆಗಳು ಕುಟುಂಬಗಳಿಗಿಂತ ಕಂಪನಿಗಳ ಬಾಗಿಲಿಗೆ ಹೆಚ್ಚು ಹೋಗತೊಡಗಿದವು. 2021–22ರ ಲೆಕ್ಕವರ್ಷದಿಂದ 80ಜಿ ಸಂಸ್ಥೆಗಳು ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ದಾನಿಗಳಿಗೆ 10ಬಿಇ ಪ್ರಮಾಣಪತ್ರ ಕೊಡಬೇಕಾಯಿತು. 80ಜಿ ಇಲ್ಲದ ಬೀದಿಯ ಉತ್ಸವ ಸಮಿತಿಗಳಿಗೆ ಇದಾವುದೂ ತಟ್ಟಿಲ್ಲ. ಅವು ಈಗಲೂ ಹಬ್ಬಕ್ಕೆ ಮೂರು ವಾರ ಮುಂಚೆ ರಸೀತಿ ಪುಸ್ತಕದ ಜೊತೆಗೆ ಯುಪಿಐ ಚೀಟಿಯನ್ನೂ ಹಿಡಿದು ಬಾಗಿಲು ತಟ್ಟುತ್ತವೆ.