ಜಾತ್ರೆಯ ಕಣದಿಂದ ಹರಾಜಿನ ಮೇಜಿಗೆ

ನಮ್ಮ ಸೀಮೆಯ ಜಾತ್ರೆ, ಉರುಸುಗಳಲ್ಲಿ ಕಬಡ್ಡಿ ಗೆದ್ದ ಹುಡುಗರಿಗೆ ಏನು ಸಿಗುತ್ತದೆಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನವರಿಗೆ ಹೇಳಬೇಕಿಲ್ಲ. ಒಂದಿಷ್ಟು ನಗದು, ಒಂದು ಶೀಲ್ಡು, ಊರ ಹಿರಿಯರು ಉದಾರಿಗಳಾಗಿದ್ದರೆ ಒಂದು ಟಗರು. ನಗದನ್ನು ಏಳು ಜನ ಹಂಚಿಕೊಳ್ಳುತ್ತಾರೆ, ಟಗರು ಆ ವಾರವೇ ಮುಗಿಯುತ್ತದೆ, ಶೀಲ್ಡು ಗುಡಿಯ ಕಪಾಟು ಸೇರುತ್ತದೆ. ಮರುದಿನ ಹುಡುಗ ಭತ್ತದ ಗದ್ದೆಗೋ ಅಕ್ಕಿ ಗಿರಣಿಯ ಹಮಾಲಿಗೋ ಹೋಗುತ್ತಾನೆ. ಆಟ ಚೆನ್ನಾಗಿ ಬರುವುದು ಒಂದು ಮಾತು, ಆ ಆಟದಿಂದ ಹೊಟ್ಟೆ ತುಂಬುವುದು ಇನ್ನೊಂದು. ಎರಡನೆಯದು ಆಟಗಾರನ ಕೈಯಲ್ಲಿಲ್ಲ, ಅವನ ಬೆನ್ನ ಹಿಂದೆ ಯಾವ ಸಂಸ್ಥೆ ನಿಂತಿದೆ ಎಂಬುದರ ಮೇಲಿದೆ. ಕರ್ನಾಟಕದ ಕಬಡ್ಡಿಯ ಚರಿತ್ರೆಯನ್ನು ಈ ಕಣ್ಣಿನಿಂದ ಒಮ್ಮೆ ನೋಡಬೇಕು.

ಒಂದೇ ನೆಲಕ್ಕೆ ಅಂಟಿಕೊಂಡ ಆಟವೊಂದು ಆಡುವವರಿಗೆ ಅನ್ನ ಕೊಡಬಲ್ಲದೇ? ಆಸ್ಟ್ರೇಲಿಯಾದಲ್ಲಿ ಕೊಟ್ಟಿದೆ. ಅಲ್ಲಿನ ಫುಟ್‌ಬಾಲ್ ನಾವು ತಿಳಿದ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ಅಂಡಾಕಾರದ ಮೈದಾನ, ಪಕ್ಷಕ್ಕೆ 18 ಜನ. ಚೆಂಡನ್ನು ಒದೆಯಬಹುದು, ಹಾರಿ ಕೈಯಲ್ಲಿ ಹಿಡಿಯಬಹುದು, ಎದುರಾಳಿಯನ್ನು ತಬ್ಬಿ ಕೆಡವಬಹುದು. 1859ರಲ್ಲಿ ಮೆಲ್ಬರ್ನ್‌ನಲ್ಲಿ ಇದರ ನಿಯಮ ಬರೆದಾಗ ಆ ಪ್ರಾಂತ್ಯವೆಲ್ಲ ಚಿನ್ನದ ಬೇಟೆಯಲ್ಲಿತ್ತು. ಬ್ಯಾಲರಟ್, ಬೆಂಡಿಗೋದಂಥ ಗಣಿಯೂರುಗಳಲ್ಲೂ ಆಟ ಬೇರು ಬಿಟ್ಟಿತು. ಹಟ್ಟಿಯ ಗಣಿ ಇರುವ ಲಿಂಗಸುಗೂರು ತಾಲ್ಲೂಕಿನವರಿಗೆ ಈ ಸಂಗತಿ ಹತ್ತಿರದ್ದೆನಿಸೀತು.

1897ರಲ್ಲಿ ಎಂಟು ಕ್ಲಬ್ಬುಗಳ ಲೀಗ್ ಶುರುವಾಯಿತು. ಆಟಗಾರನಿಗೆ ಬಹಿರಂಗವಾಗಿ ಹಣ ಕೊಡಲು ಅನುಮತಿ ಸಿಕ್ಕಿದ್ದು 1911ರಲ್ಲಿ. 1930ರಲ್ಲಿ ಲೀಗಿನವರೇ ಒಂದು ಆಟಕ್ಕೆ ಮೂರು ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಕಟ್ಟು ಹಾಕಿದರು. ಶನಿವಾರ ಸಾವಿರಾರು ಜನರ ಎದುರು ಆಡಿದವನು ಸೋಮವಾರ ತನ್ನ ದಿನಗೂಲಿಗೋ ಕಚೇರಿಗೋ ಮರಳುತ್ತಿದ್ದ. ಆಟವೊಂದನ್ನೇ ಕಸುಬು ಮಾಡಿಕೊಂಡು ಬದುಕುವುದು ಸಾಮಾನ್ಯವಾಗಲು ಅಲ್ಲಿಂದ ಎಷ್ಟೋ ದಶಕ ಹಿಡಿಯಿತು. 1986ರಿಂದ ಹೊಸ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಬಂತು. ಹಿಂದಿನ ವರ್ಷ ಕಡೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ದುಡ್ಡಿದ್ದವರೇ ಎಲ್ಲರನ್ನೂ ಬಾಚಿಕೊಳ್ಳದ ಹಾಗೆ ಮಾಡಿದ ಈ ಏರ್ಪಾಡು ನನಗಂತೂ ಹರಾಜಿಗಿಂತ ನ್ಯಾಯವಾಗಿ ಕಾಣುತ್ತದೆ.

ನಮ್ಮಲ್ಲಿ ಕಬಡ್ಡಿ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು. ಆದರೆ ಪದಕ ಗೆದ್ದವರನ್ನೂ ತಿಂಗಳ ಕೊನೆಗೆ ಸಾಕಿದ್ದು ಬ್ಯಾಂಕು, ರೈಲ್ವೆ, ಪೊಲೀಸ್ ಇಲಾಖೆಗಳ ಸಂಬಳ. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕಬಡ್ಡಿ ತಂಡದ ಹೆಸರು ಕೇಳದ ಆಟಗಾರ ರಾಜ್ಯದಲ್ಲಿ ವಿರಳ. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. ಅದಕ್ಕೆ ಸರಿಯಾಗಿ ಎರಡು ವರ್ಷ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಕೂಡ ದೊಡ್ಡ ಬ್ಯಾಂಕಿನಲ್ಲಿ ಕರಗಿತ್ತು. ಪತ್ರಿಕೆಗಳು ಸಾಲ, ಠೇವಣಿ, ಶಾಖೆಗಳ ಲೆಕ್ಕ ಬರೆದವು. ಹಳ್ಳಿ ಹುಡುಗರು ಕನಸು ಕಾಣುತ್ತಿದ್ದ ಬಾಗಿಲುಗಳಲ್ಲಿ ಎಷ್ಟು ಮುಚ್ಚಿದವೆಂದು ಯಾರೂ ಕೇಳಲಿಲ್ಲ.

ಮಮತಾ ಪೂಜಾರಿಯವರ ದಾರಿ ನೋಡಿ. ಕಾರ್ಕಳ ಕಡೆಯ ಹೆರ್ಮುಂಡೆಯ ಹುಡುಗಿ. 2010ರ ಗುವಾಂಗ್‌ಝೌ, 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 2012ರ ಪಟ್ನಾ ವಿಶ್ವಕಪ್‌ನಲ್ಲಿ ಭಾರತದ ನಾಯಕಿ, 2014ರಲ್ಲಿ ಅರ್ಜುನ ಪ್ರಶಸ್ತಿ. ಕೆಲಸ ಕೊಟ್ಟಿದ್ದು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ. 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದ ರಾಯಚೂರು ಜಿಲ್ಲೆಗೆ ಸಿಕಂದರಾಬಾದು ಹಳೆಯ ನೆಂಟ. ಅಲ್ಲಿಗೆ ಕರಾವಳಿಯ ಮಗಳು ಹೋಗಿ ತಲುಪಿದಳು. ನಾವು? ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಬಂದಾಗ ಲೆಕ್ಕಾಚಾರ ಬದಲಾಯಿತು. ಅದೂ ಎಂಟೇ ತಂಡಗಳಿಂದ ಶುರುವಾಗಿ 2017ಕ್ಕೆ ಹನ್ನೆರಡಾಯಿತು. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತನ್ನು ಸೋಲಿಸಿ ಪ್ರಶಸ್ತಿ ಎತ್ತಿದ ರಾತ್ರಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತು. ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯದಲ್ಲೇ ಮೊಣಕಾಲು ತಿರುಚಿತು, ಆ ಋತುವೆಲ್ಲ ಹೊರಗೆ. ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿಗೆ ಕೊಂಡಿತು. ಹೀಗೆ ಮರಳಿ ಬರಲು ಶಸ್ತ್ರಚಿಕಿತ್ಸೆಯ ಹಣ, ವ್ಯಾಯಾಮ ಹೇಳಿಕೊಡುವವರು, ಕಾಯುವ ತಂಡ ಎಲ್ಲವೂ ಬೇಕು. ನಮ್ಮ ಕ್ಯಾಂಪಿನ ಅಥವಾ ತಾಂಡಾದ ಹುಡುಗನ ಮೊಣಕಾಲು ಯರೆ ನೆಲದ ಬಿರುಕಿಗೆ ಸಿಕ್ಕರೆ ಅವನಿಗೆ ನಾಟಿ ವೈದ್ಯರ ಪಟ್ಟಿಯೇ ಗತಿ, ಆಮೇಲೆ ಗದ್ದೆಯ ಕೆಲಸವೂ ಕಷ್ಟ.

ಆಡುವ ಕಾಲು ದಣಿದ ಮೇಲೂ ವೃತ್ತಿ ಮುಗಿಯಬೇಕಿಲ್ಲ ಎಂಬುದಕ್ಕೆ ಬಿ.ಸಿ. ರಮೇಶ್ ಇದ್ದಾರೆ. ಅರ್ಜುನ ಪ್ರಶಸ್ತಿ ಪಡೆದ ಈ ಕನ್ನಡಿಗ ಬುಲ್ಸ್ ಗೆದ್ದ ವರ್ಷ ಸಹಾಯಕ ತರಬೇತುದಾರರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಖ್ಯ ತರಬೇತುದಾರರಾಗಿ ಬೆಂಗಾಲ್ ವಾರಿಯರ್ಸ್‌ಗೆ ಪ್ರಶಸ್ತಿ ತಂದುಕೊಟ್ಟರು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28-25ರಿಂದ ಸೋಲಿಸಿದ ಪುಣೇರಿ ಪಲ್ಟನ್‌ನ ಹಿಂದೆಯೂ ಅವರೇ. ಕೋಟಿ ಬೆಲೆಯ ಆಟಗಾರನ ಹೆಸರು ಮಕ್ಕಳ ಬಾಯಲ್ಲಿದೆ, ಇವರ ಹೆಸರು ಕಡಿಮೆ. ಈ ಸಂಚಿಕೆ ಓದುವ ದೈಹಿಕ ಶಿಕ್ಷಕರಾದರೂ ಅದನ್ನು ಮಕ್ಕಳಿಗೆ ಹೇಳಲಿ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಕೊರತೆ ಹುಡುಗರದ್ದಲ್ಲ. ದೊಡ್ಡ ಪಂದ್ಯಗಳೆಲ್ಲ ಈಗ ಮ್ಯಾಟಿನ ಮೇಲೆ, ಶೂ ಹಾಕಿಕೊಂಡು ನಡೆಯುತ್ತವೆ. ಬರಿಗಾಲಲ್ಲಿ ಮಣ್ಣಿನ ಮೇಲೆ ಬೆಳೆದವನು ಆಯ್ಕೆಯ ದಿನ ಮೊದಲ ಸಲ ಮ್ಯಾಟ್ ಹತ್ತಿದರೆ ಕಾಲು ಜಾರಿಯೇ ಜಾರುತ್ತದೆ. ಇನ್ನು ತೂಕ. ಹಿರಿಯ ಪುರುಷರಿಗೆ 85 ಕೆ.ಜಿ., ಮಹಿಳೆಯರಿಗೆ 75 ಕೆ.ಜಿ. ಮಿತಿ, ಕಿರಿಯರಿಗೆ ಇನ್ನೂ ಕಡಿಮೆ. ಜಾತ್ರೆಯಲ್ಲಿ ಇಪ್ಪತ್ತೈದರ ಗಟ್ಟಿಗರ ನಡುವೆ ಹದಿನೈದರ ಹುಡುಗನನ್ನು ಬಿಟ್ಟರೆ ಧೈರ್ಯ ಬಂದೀತು, ಹೆಗಲೂ ಮುರಿದೀತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಹಟ್ಟಿಯ ಗಣಿ, ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರು, ಎಪಿಎಂಸಿ ವರ್ತಕರು ಮನಸ್ಸು ಮಾಡಿದರೆ ಎರಡು ಮ್ಯಾಟು, ಒಬ್ಬ ಒಳ್ಳೆಯ ತರಬೇತುದಾರರ ಖರ್ಚು ಭಾರವೇನಲ್ಲ.

ಹೆಣ್ಣುಮಕ್ಕಳ ಲೆಕ್ಕ ಬೇರೆಯೇ. 2016ರಲ್ಲಿ ಪ್ರೊ ಕಬಡ್ಡಿಯವರು ಮೂರು ತಂಡಗಳ ಮಹಿಳಾ ಪಂದ್ಯಾವಳಿ ನಡೆಸಿದರು. ಹೈದರಾಬಾದಿನ ಫೈನಲ್‌ನಲ್ಲಿ ಎದುರುಬದುರಾದ ನಾಯಕಿಯರಿಬ್ಬರೂ ಕನ್ನಡತಿಯರು. ಫೈರ್ ಬರ್ಡ್ಸ್‌ಗೆ ಮಮತಾ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ. ತೇಜಸ್ವಿನಿಯವರ ತಂಡ 24-23ರಿಂದ ಗೆದ್ದಿತು. ಆ ಪಂದ್ಯಾವಳಿ ಮರುವರ್ಷ ನಡೆಯಲಿಲ್ಲ. ಆಸ್ಟ್ರೇಲಿಯಾದವರು ತಮ್ಮ ಆಟದ ಮಹಿಳಾ ಲೀಗನ್ನು ಶುರು ಮಾಡಿದ್ದು ಅದೇ 2017ರಲ್ಲಿ, ಎಂಟು ತಂಡಗಳಿಂದ. 2022ರ ಹೊತ್ತಿಗೆ ಅಲ್ಲಿ ಹದಿನೆಂಟೂ ಕ್ಲಬ್ಬುಗಳಿಗೆ ಮಹಿಳಾ ತಂಡ ಬಂದಿತ್ತು. ನಮ್ಮ ಹಾಸ್ಟೆಲ್ ಅಂಗಳಗಳಲ್ಲಿ ಆಡುವ ಹುಡುಗಿಯರು ಕಣ್ಣಿಡಬೇಕಾದ ಜಾಗ ಸದ್ಯಕ್ಕೆ ರೈಲ್ವೆಯ ಮತ್ತು ಪೊಲೀಸ್ ಇಲಾಖೆಯ ಕ್ರೀಡಾ ಕೋಟಾದ ನೇಮಕಾತಿ ಪ್ರಕಟಣೆಗಳೇ.