ಬರದ ಕೂಲಿ, ಗಿರಣಿಯ ಪಗಾರ

ಬರ ಕಳೆದ ಮೇಲೆ ಕೂಲಿ ಏರಬೇಕು. ದುಡಿಯುವವರು ಸತ್ತೋ ಗುಳೆ ಹೋಗಿಯೋ ಕಡಿಮೆಯಾದರೆ ಉಳಿದವರಿಗೆ ಬೇಡಿಕೆ ಹೆಚ್ಚುತ್ತದೆ ಎಂಬುದು ಅರ್ಥಶಾಸ್ತ್ರದ ಸರಳ ಲೆಕ್ಕ. ಘಟಪ್ರಭೆಯ ಆಸುಪಾಸಿನ ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಚರಿತ್ರೆ ಮಾತ್ರ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವುದಿಲ್ಲ.

1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ತತ್ತರಿಸಿದವು. ಜನ ಹೊಟ್ಟೆಪಾಡಿಗಾಗಿ ಸರಕಾರದ ಪರಿಹಾರ ಕಾಮಗಾರಿಗಳಿಗೆ ಹೋದರು. ಅಲ್ಲಿ ಕೂಲಿ ನಿರ್ಧರಿಸಿದ್ದು ಪೇಟೆಯಲ್ಲ, ಖಜಾನೆಯ ಚಿಂತೆ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಬೆಲೆ ಮತ್ತು ಒಂದಿಷ್ಟು ಚಿಲ್ಲರೆಗೆ ಇಳಿಸಿದರು. ಇಷ್ಟರಲ್ಲಿ ಮಣ್ಣು ಹೊರುವ ಮನುಷ್ಯ ಬದುಕಲಾರ ಎಂದು ಮದರಾಸಿನ ವೈದ್ಯಾಧಿಕಾರಿ ಕಾರ್ನಿಷ್ ವಾದಿಸಿದರು. ಮುಂಬಯಿ ಪ್ರಾಂತದಲ್ಲಂತೂ ಕೂಲಿಕಾರರೇ ಗುಂಪುಗುಂಪಾಗಿ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಹಸಿದವರು ಹೂಡಿದ ಈ ಮುಷ್ಕರ ನಮ್ಮ ಪಠ್ಯಪುಸ್ತಕಗಳಲ್ಲಿ ಜಾಗ ಪಡೆಯದಿರುವುದು ಸೋಜಿಗ.

ನಾಡು ಚೇತರಿಸಿಕೊಳ್ಳುತ್ತಿದ್ದ ಹೊತ್ತಿಗೆ, 1885ರಲ್ಲಿ, ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. ಸುಮಾರು 170 ಅಡಿ ಧುಮುಕುವ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಮಳೆ ಕೈಕೊಟ್ಟರೂ ಪಗಾರ ತಪ್ಪದ ಕೆಲಸ ಹಳ್ಳಿಯವರಿಗೆ ಹೊಸತು. ಆದರೆ ಅದರ ಬೆಲೆ ಗಡಿಯಾರದಲ್ಲಿತ್ತು. 1881ರ ಕಾರ್ಖಾನೆ ಕಾಯ್ದೆ ಏಳು ವರ್ಷ ತುಂಬದ ಮಕ್ಕಳನ್ನಷ್ಟೇ ಹೊರಗಿಟ್ಟಿತು. ಗಿರಣಿಯ ಗಂಡಾಳಿಗೆ ದಿನಕ್ಕೆ 12 ತಾಸಿನ ಮಿತಿ ಬಂದದ್ದು 1911ರ ಕಾಯ್ದೆಯಿಂದ.

ಧೂಪದಾಳದ ಒಡ್ಡು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ, ಕಾಲುವೆಗಳು ಬಂದವು. ಜೋಳದ ಹೊಲಕ್ಕೆ ಕಬ್ಬು ಕಾಲಿಟ್ಟಿತು. ಗುಳೆಯ ದಿಕ್ಕೂ ತಿರುಗಿತು. ಈಗ ಹಂಗಾಮು ಶುರುವಾದರೆ ವಿಜಯಪುರದ ಕಡೆಯಿಂದ, ಮಹಾರಾಷ್ಟ್ರದ ಬೀಡದಿಂದ ಕಬ್ಬು ಕಡಿಯುವ ಗ್ಯಾಂಗುಗಳು ಈ ಜಿಲ್ಲೆಗೆ ಬಂದಿಳಿಯುತ್ತವೆ. ಮುಕಾದಮನಿಂದ ಮುಂಗಡ ಪಡೆದು ಬಂದ ಗಂಡಹೆಂಡಿರ ಜೋಡಿಗೆ ಲೆಕ್ಕ ಟನ್ನಿನ ಮೇಲೆ. ಮುಂಗಡ ತೀರುವ ತನಕ ಹೆಚ್ಚು ಕೂಲಿ ಕೊಡುವ ಕಡೆಗೆ ಹೋಗುವ ಸ್ವಾತಂತ್ರ್ಯ ಅವರಿಗಿಲ್ಲ. ಆಳಿನ ಅಭಾವವಿದ್ದರೂ ಚೌಕಾಸಿಯ ಬಲ ಬರದಿರುವ ಗುಟ್ಟು ಇಲ್ಲಿದೆ.

2025ರ ನವೆಂಬರದಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಬೆಳೆಗಾರರು ಧರಣಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದರು. ಸರಕಾರ 3,300ಕ್ಕೆ ಒಪ್ಪಿಸಿತು. ಕಡಿಯುವವರ ಪಾಲು ಆ ಲೆಕ್ಕದಲ್ಲಿ ‘ಕಟಾವು ಮತ್ತು ಸಾಗಣೆ ವೆಚ್ಚ’ ಎಂಬ ಬಾಬಿನೊಳಗೆ ಸೇರಿಕೊಂಡಿತ್ತು.