ಮೊದಲ ವಾದ್ಯ ಯಾವುದು? ಗೋಕಾಕ ಸೀಮೆಯ ಪೇಟಿ ಹೇಳೋ ಕತೆ

ಇವತ್ತಿನ ಸಂಚಿಕೆಯ ಪ್ರಶ್ನೆ ಬಹಳ ಸಣ್ಣದು. ಸಂಗೀತದ ಗಂಧಗಾಳಿ ಇಲ್ಲದವರು, ಮನೆಯಲ್ಲಿ ಯಾರೂ ಹಾಡುವವರಿಲ್ಲ, ಹತ್ತಿರದಲ್ಲಿ ಕ್ಲಾಸೂ ಇಲ್ಲ ಅನ್ನುವವರು ಮೊದಲ ವಾದ್ಯ ಯಾವುದು ತಗೋಬೇಕು? ಗಿಟಾರಾ, ಕೀಬೋರ್ಡಾ, ಕೊಳಲಾ? ಫೋನಿನಲ್ಲಿ ಹುಡುಕಿದರೆ ಸಾವಿರ ವಿಡಿಯೊ ಬರ್ತಾವ. ನಾವು ಇವತ್ತು ಉತ್ತರವನ್ನ ಇತಿಹಾಸದಾಗ ಹುಡುಕೋಣ. ಅದೂ ದೂರದ ಇತಿಹಾಸ ಅಲ್ರಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯದು.

ಮೊದಲಿಗೆ ಒಂದು ಮಾತು. 'ನನಗ ಇಷ್ಟವಾದ ವಾದ್ಯ ನಾ ಆರಿಸಿಕೋತೀನಿ' ಅಂತ ಇವತ್ತು ನಾವು ಸಲೀಸಾಗಿ ಹೇಳ್ತೀವಲ್ಲ, ಆ ಮಾತು ನಮ್ಮ ಮುತ್ತಜ್ಜನ ಕಾಲಕ್ಕೆ ಬಹಳ ಮಂದಿಗೆ ಅರ್ಥವೇ ಆಗ್ತಿರಲಿಲ್ಲ. ವಾದ್ಯವನ್ನು ಯಾರೂ ಆರಿಸ್ತಿರಲಿಲ್ಲ. ಹುಟ್ಟಿದ ಮನೆ ನೋಡಿ ವಾದ್ಯ ಕೈಗೆ ಬರ್ತಿತ್ತು.

ನೋಡ್ರಿ, ಮದುವೆ, ಮೆರವಣಿಗೆಯಲ್ಲಿ ಸನಾದಿ ಊದುವುದು, ಕರಡಿ ಮಜಲು ಬಾರಿಸುವುದು ಕೆಲವು ಮನೆತನಗಳ ಕಸುಬು. ಸಂಬಾಳ ಗೊಂದಲಿಗರದು. ಚೌಡಿಕಿ ಎಲ್ಲಮ್ಮನ ಜೋಗತಿಯರ ಕೈಯಾಗ. ಡೊಳ್ಳು ಹಾಲುಮತದವರದು, ಬೀರಪ್ಪನ ಗುಡಿಯದು. ಹಲಗಿಯಂತೂ ದಲಿತ ಕೇರಿಯ ಮೇಲೆ ಊರು ಹೊರಿಸಿದ ಕೆಲಸ. ಈ ವಾದ್ಯ ಕಲೀಬೇಕು ಅಂದ್ರ ಆ ಮನೆಯಲ್ಲಿ ಹುಟ್ಟಬೇಕಿತ್ತು. ಆ ಮನೆಯಲ್ಲಿ ಹುಟ್ಟಿದ ಮೇಲೆ 'ನನಗ ಬ್ಯಾಡ' ಅನ್ನೂ ಹಂಗೂ ಇರಲಿಲ್ಲ. ಕಲೆ ಎಷ್ಟು ದೊಡ್ಡದಿದ್ದರೂ ಬಾರಿಸುವವನ ಸ್ಥಾನ ಪಂಕ್ತಿಯ ಕೊನೆಗೆ.

ಇಂಥ ಊರಿಗೆ ಒಂದು ಪರದೇಶಿ ಪೆಟ್ಟಿಗೆ ಬಂತು. ಅದಕ್ಕೆ ಜಾತಿ ಇರಲಿಲ್ಲ, ದೇವರು ಇರಲಿಲ್ಲ, ಮನೆತನ ಇರಲಿಲ್ಲ. ನಾವು ಅದನ್ನ 'ಪೇಟಿ' ಅಂತೀವಿ. ಪುಸ್ತಕದ ಹೆಸರು ಹಾರ್ಮೋನಿಯಂ.

ಇದರ ಹುಟ್ಟೂರು ಪ್ಯಾರಿಸ್. ಅಲೆಕ್ಸಾಂಡ್ರ್ ದೆಬೇನ್ ಎಂಬುವನು 1842ರಲ್ಲಿ ಪೇಟೆಂಟ್ ಪಡೆದ ವಾದ್ಯ. ಆಗಿನ ಪೇಟಿ ಮೇಜಿನಷ್ಟು ದೊಡ್ಡದು. ಖುರ್ಚಿ ಮೇಲೆ ಕೂತು, ಎರಡೂ ಕಾಲಿನಿಂದ ಗಾಳಿ ಹಾಕಿ, ಎರಡೂ ಕೈಯಿಂದ ನುಡಿಸಬೇಕು. ಪಾದ್ರಿಗಳ ಜೊತೆ, ಬ್ರಿಟಿಷ್ ಅಧಿಕಾರಿಗಳ ಜೊತೆ ಅದು ಹಡಗು ಹತ್ತಿ ಇಲ್ಲಿಗೆ ಬಂತು. ಆದರೆ ನಮ್ಮವರು ಹಾಡೋದು ನೆಲದ ಮೇಲೆ ಕೂತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತದ ದ್ವಾರಕಾನಾಥ ಘೋಷ್ ಅವರ 'ದ್ವಾರ್ಕಿನ್' ಕಂಪನಿ ಇದಕ್ಕೆ ದಾರಿ ಹುಡುಕಿತು. ಕಾಲು ತೆಗೆದರು, ತಿದಿಯನ್ನ ಹಿಂದಕ್ಕೆ ತಂದರು. ಒಂದು ಕೈ ಗಾಳಿಗೆ, ಇನ್ನೊಂದು ಕೈ ಸ್ವರಕ್ಕೆ. ನಮ್ಮ ಸಂಗೀತದಲ್ಲಿ ಒಂದು ಸಲಕ್ಕೆ ಒಂದೇ ಸ್ವರದ ಎಳೆ ಸಾಕಲ್ಲ, ಹಂಗಾಗಿ ಒಂದು ಕೈ ಸಾಕಾಯಿತು. ಹೆಗಲ ಮೇಲೆ ಹೊತ್ತುಕೊಂಡು ಹೋಗುವಷ್ಟು ಹಗುರ ಆತು.

ನಮ್ಮ ಕಡೆ ಇದನ್ನು ಊರೂರಿಗೆ ಮುಟ್ಟಿಸಿದ್ದು ನಾಟಕ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಶಾಕುಂತಲ' ಪುಣೆಯಲ್ಲಿ 1880ರಲ್ಲಿ ರಂಗಕ್ಕೆ ಬಂತು. ಆಮೇಲೆ ಮರಾಠಿ, ಕನ್ನಡ ಎರಡೂ ಭಾಷೆಯ ಕಂಪನಿಗಳು ಈ ಗಡಿ ಸೀಮೆಯಲ್ಲಿ ತಿರುಗಾಡಿದವು. ರಂಗದ ಮುಂದೆ ಕಾಲು ಪೇಟಿ ಇಟ್ಟುಕೊಂಡು ಕೂಡುವ ಪೇಟಿ ಮಾಸ್ತರ ಕಂಪನಿಯ ಅರ್ಧ ಜೀವ. ನಟರಿಗೆ ಶ್ರುತಿ ಕೊಡುವವರೂ ಅವರೇ, ಹಾಡು ಕಲಿಸುವವರೂ ಅವರೇ.

ಇನ್ನು ನಮ್ಮದೇ ಆಟ, ಶ್ರೀಕೃಷ್ಣ ಪಾರಿಜಾತ. ಇದಕ್ಕೆ ಇವತ್ತಿನ ರೂಪ ಕೊಟ್ಟವರು 19ನೇ ಶತಮಾನದ ಕುಲಗೋಡ ತಮ್ಮಣ್ಣ. ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಪಾರಿಜಾತದಿಂದ ಹೆಸರಾದ ಕೌಜಲಗಿ ನಿಂಗಮ್ಮನ ಊರೂ ಇದೇ ಗೋಕಾಕ ಸೀಮೆ. ಪಾರಿಜಾತ ಬಯಲಾಟವೇ, ಆದರೆ ಹಾಡುಗಳಲ್ಲಿ ಹಿಂದೂಸ್ತಾನಿ ರಾಗಗಳ ವಾಸನೆ ದಟ್ಟ. ಇವತ್ತು ಪಾರಿಜಾತ ಅಂದರೆ ಪೇಟಿ, ತಬಲಾ, ತಾಳ. ರಾತ್ರಿಯಿಡೀ ಆಟ ನೋಡಿದ ಹುಡುಗರಿಗೆ ರಾಗದ ಹೆಸರು ಗೊತ್ತಿಲ್ಲದಿದ್ದರೂ ರಾಗ ಕಿವಿಗೆ ಇಳಿದಿರ್ತದ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಂಥ ಆಟ, ಹಾಡುಗಳ ನಡುವೆಯೇ ಬೆಳೆದವರು. ಮುಂದೆ ಅವರ ನಾಟಕಗಳ ಬೇರು ಅಲ್ಲೇ ಸಿಕ್ಕಿತು.

ನಾಟಕದ ಪೇಟಿ ಹಣಮಂತ ದೇವರ ಗುಡಿಗೆ, ಬಸವಣ್ಣನ ಗುಡಿಗೆ, ಮಠಕ್ಕೆ ಬಂತು. ಭಜನಾ ಮೇಳ ಹುಟ್ಟಿದವು. ಇಲ್ಲಿ ಕಾಮರ್ಸ್ ಓದಿದ ನನಗೆ ಬಹಳ ಹಿಡಿಸುವ ಒಂದು ಸಂಗತಿ ಐತಿ. ಒಂದು ಪೇಟಿ ಒಬ್ಬ ಕೂಲಿಯವನಿಗೆ ದುಬಾರಿ. ಆದರೆ ಊರವರು ಪಟ್ಟಿ ಕೂಡಿಸಿ ಒಂದು ಪೇಟಿ ತಂದರೆ, ಅದು ಹತ್ತಾರು ವರ್ಷ ನೂರಾರು ಕೈಗೆ ಸಿಗ್ತದ. ಬಂಡವಾಳ ಊರಿನದು, ಲಾಭ ಕಲಿಯುವವನದು. ಶ್ರಾವಣ ಬಂತಂದ್ರ ದಿನಾ ಭಜನೆ. ಹಿರಿಯರು ಚಹಾ ಕುಡಿಯಲು ಎದ್ದಾಗ ಹುಡುಗರು ಪೇಟಿ ಮುಂದೆ ಕೂಡ್ತಿದ್ದರು. ಎಷ್ಟೋ ಭಜನಾ ಮೇಳದ ಪೇಟಿ ಮಾಸ್ತರರ 'ಕ್ಲಾಸು' ಆ ಚಹಾದ ಹೊತ್ತೇ.

ಆದರೆ ಇದನ್ನ ಬರೀ ಸಿಹಿ ಕತೆ ಮಾಡೋದು ಬ್ಯಾಡ. ಪೇಟಿಗೆ ಜಾತಿ ಇರಲಿಲ್ಲ, ಪೇಟಿ ಇಟ್ಟ ಗುಡಿಗೆ ಇತ್ತು. ಗುಡಿಯ ಹೊಸ್ತಿಲು ದಾಟುವಂತಿಲ್ಲದವನಿಗೆ ಆ ಪೇಟಿಯೂ ದೂರವೇ. ಹೆಣ್ಣುಮಕ್ಕಳಿಗೂ ರಾತ್ರಿ ಭಜನೆಯಲ್ಲಿ ಜಾಗ ಸುಲಭಕ್ಕೆ ಸಿಗಲಿಲ್ಲ. ರಂಗಕ್ಕೆ ಬಂದು ಹಾಡಿದ ಹೆಣ್ಣುಮಗಳಿಗೆ ಚಪ್ಪಾಳೆ ಸಿಗ್ತಿತ್ತು, ಅದೇ ಮಂದಿಯಿಂದ ಮಾತೂ ಕೇಳಬೇಕಿತ್ತು. ಕೇರಿಯ ಮಂದಿ ತಮ್ಮದೇ ಭಜನಾ ಮೇಳ ಕಟ್ಟಿ ತಮ್ಮದೇ ಪೇಟಿ ತಂದಾಗ, ಅದು ಬರೀ ವಾದ್ಯದ ಖರೀದಿ ಆಗಿರಲಿಲ್ಲ ಅನ್ನೋದನ್ನ ನಾವು ನೆನಪಿಡಬೇಕು.

ಈಗ ಕತೆಗೆ ಒಂದು ತಿರುವು. ಊರಿನಲ್ಲಿ ಪೇಟಿ ಮನೆಮಾತಾಗುವ ಹೊತ್ತಿಗೆ ದೇಶದ ದೊಡ್ಡವರು ಅದನ್ನ ಬ್ಯಾಡ ಅಂದರು. 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಪೇಟಿಗೆ ನಿಷೇಧ ಹಾಕಿತು. ರವೀಂದ್ರನಾಥ ಟಾಗೋರ್ ಅವರೂ ಪೇಟಿಯ ವಿರೋಧಿ. ಅವರ ವಾದ ಏನು? ಪೇಟಿಯಲ್ಲಿ ಒಂದು ಸಪ್ತಕಕ್ಕೆ ಹನ್ನೆರಡೇ ಮನೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರೂದಿಲ್ಲ, ಅಂದರೆ ಮೀಂಡ್ ಇಲ್ಲ. ಸ್ವರಗಳ ನಡುವಿನ ಸೂಕ್ಷ್ಮ ಶ್ರುತಿಗಳು ಇಲ್ಲ. ಹಾಡುವವನ ಕಿವಿಯನ್ನೇ ಪೇಟಿ ಕೆಡಿಸ್ತದ ಅನ್ನೋದು ಅವರ ಭಯ. ನಿಷೇಧ ಸಡಿಲವಾಗಿದ್ದು 1971ರಲ್ಲಿ. ಅಂದರೆ 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ, ರೇಡಿಯೊದಾಗ ಪೇಟಿ ಇಲ್ಲ, ಗುಡಿಯೊಳಗ ದಿನಾ ಪೇಟಿ!

ಈ ನಿಷೇಧದ ಕಾಲವನ್ನು ಪೂರ್ತಿ ದಾಟಿ ಬಂದ ನಮ್ಮ ಜಿಲ್ಲೆಯ ಹಿರಿಯರು ಪಂಡಿತ ರಾಮಭಾವು ಬಿಜಾಪುರೆ. ಹುಟ್ಟಿದ್ದು 1917ರಲ್ಲಿ ಕಾಗವಾಡದಲ್ಲಿ, ತೀರಿಕೊಂಡಿದ್ದು 2010ರಲ್ಲಿ. ನಿಷೇಧ ಬಂದಾಗ ಅವರಿಗೆ 23, ಸಡಿಲವಾದಾಗ 54. ಲೆಕ್ಕ ಹಾಕ್ರಿ, ಕಲಾವಿದನ ಬಾಳಿನ ಹುರುಪಿನ ವರ್ಷಗಳೆಲ್ಲ ಅದರಾಗ ಹೋದವು. ಆದರೂ ಪೇಟಿ ಬಿಡಲಿಲ್ಲ. ಬೆಳಗಾವಿಯಲ್ಲಿ ಶಾಲೆ ನಡೆಸಿದರು, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು, ಪೇಟಿಯನ್ನು ಸೋಲೊ ವಾದ್ಯವಾಗಿಯೂ ನುಡಿಸಿ ತೋರಿಸಿದರು. ಮೀಂಡ್ ಬಾರದ ವಾದ್ಯದಲ್ಲಿ ಹಾಡಿನ ಭಾವ ಹೆಂಗ ತರಬಹುದು ಅನ್ನೋದೇ ಅವರ ಪೀಳಿಗೆಯವರ ಜೀವನದ ಪ್ರಶ್ನೆಯಾಗಿತ್ತು.

ಇನ್ನು ತಾನಾಗಿ ಕಲಿಯೋ ವಿಚಾರ. 'ಗುರು ಇಲ್ಲದೆ ಬರ್ತದೇನ್ರಿ?' ಅಂತ ಕೇಳ್ತೀರಿ. ಸಂಕೇಶ್ವರದಿಂದ ನಿಪ್ಪಾಣಿ ದಾಟಿದರೆ ಕೊಲ್ಲಾಪುರ. ಅಲ್ಲಿ 1881ರಲ್ಲಿ ಹುಟ್ಟಿದ ಗೋವಿಂದರಾವ್ ಟೇಂಬೆ ಪೇಟಿಯನ್ನ ಬಹುಮಟ್ಟಿಗೆ ತಾವೇ ಕಲಿತವರು. ಆದರೆ ಒಬ್ಬರೇ ಕೋಣೆಯಲ್ಲಿ ಕೂತು ಅಲ್ಲ. ಕೊಲ್ಲಾಪುರದ ದೇವಲ್ ಕ್ಲಬ್ಬಿನ ಬೈಠಕ್‌ಗಳಲ್ಲಿ ಕೂತು ಕೇಳಿದರು. ಭಾಸ್ಕರಬುವಾ ಬಖಲೆಯವರಿಂದ ತಿಳಿದುಕೊಂಡರು. 1911ರ 'ಮಾನಾಪಮಾನ' ನಾಟಕಕ್ಕೆ ಸಂಗೀತ ಕೊಟ್ಟವರು ಇವರೇ. ಬೆರಳಿಗೆ ಗುರು ಇರಲಿಲ್ಲ, ಕಿವಿಗೆ ಬಹಳ ಮಂದಿ ಗುರುಗಳಿದ್ದರು.

ಇನ್ನೊಬ್ಬರು ವಿಷ್ಣು ದಿಗಂಬರ ಪಲುಸ್ಕರ್. 1872ರಲ್ಲಿ ಮಿರಜದ ಹತ್ತಿರದ ಕುರುಂದವಾಡದಲ್ಲಿ ಹುಟ್ಟಿ, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸ್ವರಲಿಪಿ ಇರುವ ಪುಸ್ತಕ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಘರಾಣೆಯ ಮನೆಯೊಳಗೆ ಇದ್ದ ವಿದ್ಯೆ ಪುಸ್ತಕದಂಗಡಿಗೆ ಬಂತು. ನಾವು ಇವತ್ತು ವಿಡಿಯೊ ನೋಡಿ ಕಲೀತೀವಲ್ಲ, ಅದರ ಅಜ್ಜ ಆ ಪುಸ್ತಕ.

ಸರಿ, ಈ ಇತಿಹಾಸದಿಂದ ನಮಗೇನು ಸಿಕ್ತು? ಮೂರು ಸಂಗತಿ ಹೇಳ್ತೀನಿ.

ಒಂದು, ನಿಮ್ಮ ಸುತ್ತ ಕೇಳಿಸುವ ವಾದ್ಯವನ್ನೇ ಮೊದಲು ತಗೊಳ್ರಿ. ಗಿಟಾರು ಒಳ್ಳೇದೇ. ಆದರೆ ತಪ್ಪಿದಾಗ 'ಅಲ್ಲಪ್ಪಾ, ಅಲ್ಲಿ ನಿಷಾದ ಇಳಿಸು' ಅನ್ನುವ ಕಾಕಾ ನಿಮ್ಮೂರ ಗುಡಿಯೊಳಗ ಪೇಟಿಗೆ ಸಿಗ್ತಾರ, ಗಿಟಾರಿಗೆ ಸಿಗೂದು ಕಷ್ಟ. ನಿಮ್ಮೂರಿನಲ್ಲಿ ಸನಾದಿ, ಕರಡಿ, ಡೊಳ್ಳು, ಹಲಗಿ ಬಲ್ಲ ಹಿರಿಯರಿದ್ದರೆ ಇನ್ನೂ ಚಲೋ. ಹುಟ್ಟಿನಿಂದ ಬರ್ತಿದ್ದ ವಾದ್ಯವನ್ನು ಇವತ್ತು ಬೇರೆ ಮನೆಯ ಹುಡುಗ ಇಷ್ಟಪಟ್ಟು ಕಲಿಯೋದು ಅಂದರೆ ಆ ವಾದ್ಯಕ್ಕೂ ಮರ್ಯಾದಿ, ಕಲಿಸುವವರಿಗೂ ಮರ್ಯಾದಿ. ಕಲಿಸಿದ್ದಕ್ಕೆ ಕೈತುಂಬ ಕೊಡೋದನ್ನ ಮಾತ್ರ ಮರೀಬ್ಯಾಡ್ರಿ.

ಎರಡು, ದುಡ್ಡು ಹಾಕುವ ಮೊದಲು ಒಂದು ತಿಂಗಳು ಪುಕ್ಕಟೆ ನೋಡ್ರಿ. ಫೋನಿನ ಪಿಯಾನೊ ಆ್ಯಪ್, ಪೇಟಿ, ಕ್ಯಾಸಿಯೊ, ಮೂರರದ್ದೂ ಮನೆಗಳ ಸಾಲು ಒಂದೇ. ಆ್ಯಪ್ ತೆಗೆದು ನೋಡ್ರಿ: ಕಪ್ಪು ಮನೆಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿರ್ತಾವ. ಮೂರರ ಗುಂಪಿನ ಮೊದಲ ಕಪ್ಪು ಮನೆಗೆ ನಮ್ಮ ಕಡೆ 'ಕಪ್ಪು ಮೂರು' ಅಂತಾರ. ಅದನ್ನ ಸಾ ಅಂತ ಹಿಡೀರಿ. ಅಲ್ಲಿಂದ ಬರೀ ಕಪ್ಪು ಮನೆಗಳನ್ನೇ ಸಾಲಾಗಿ ಒತ್ತಿದರೆ ಸಾ ರೇ ಗ ಪ ಧ. ಅದು ಭೂಪ ರಾಗದ ಐದು ಸ್ವರ. ಒಂದೂ ಬಿಳಿ ಮನೆ ಬೇಡ. ಮೊದಲ ದಿನವೇ ರಾಗದ ನೆರಳು ಕಿವಿಗೆ ಬೀಳ್ತದ. ಟಾಗೋರರ ಎಚ್ಚರಿಕೆ ಇಲ್ಲಿ ಉಪಯೋಗಕ್ಕೆ ಬರ್ತದ. ಪೇಟಿಯನ್ನ ಕಿವಿಗೆ ಊರುಗೋಲು ಮಾಡಬ್ಯಾಡ್ರಿ. ಮೊದಲು ತಂಬೂರಿ ಆ್ಯಪ್ ಹಚ್ಚಿ ಬಾಯಿಂದ ಹಾಡ್ರಿ, ಆಮೇಲೆ ಬೆರಳು ಇಡ್ರಿ. ಗೊತ್ತಿರುವ ಭಜನೆ ಒಂದನ್ನ ಮನೆ ಮನೆ ಹುಡುಕಿ ಕೂಡಿಸ್ರಿ. ಭಜನಾ ಮೇಳದವರು ಕಲಿತದ್ದು ಹಿಂಗೇ.

ಮೂರು, ಹಳೇ ಪೇಟಿ ಕೊಳ್ಳುವುದಾದರೆ ಪಾಲಿಶ್ ನೋಡಿ ಮರುಳಾಗಬ್ಯಾಡ್ರಿ. ಯಾವ ಮನೆಯನ್ನೂ ಒತ್ತದೆ ತಿದಿ ಹಾಕಿ ಬಿಡ್ರಿ. ಗಾಳಿ ಬೇಗ ಖಾಲಿಯಾದರೆ ಎಲ್ಲೋ ಸೋರ್ತದ. ಒತ್ತದೆ ಸ್ವರ ಬಂದರೆ ಒಳಗೆ ಯಾವುದೋ ಮನೆ ಸರಿಯಾಗಿ ಮುಚ್ಚಿಲ್ಲ. ಆಮೇಲೆ ಒಂದೊಂದೇ ಮನೆ ಒತ್ತಿ ಕೇಳ್ರಿ. ಒಂದು ಮನೆ ಒತ್ತಿದರೆ ಇನ್ನೊಂದೂ ತಾನಾಗಿ ಇಳಿಯುವಂತೆ ಮಾಡುವ ಕಪ್ಲರ್ ಹೊಸಬರಿಗೆ ಬೇಕಿಲ್ಲ. ಸಮೀಪದಲ್ಲಿ ರಿಪೇರಿ ಮಾಡುವವರು ಯಾರಿದ್ದಾರ ಅಂತ ಕೊಳ್ಳುವ ಮೊದಲೇ ಕೇಳ್ರಿ. ಮನೆಗೆ ತಂದ ಮೇಲೆ ತೇವದಿಂದ, ಇಲಿಯಿಂದ ಕಾಪಾಡ್ರಿ.

ಒಂದು ಕೊನೇ ಮಾತು. ಅನೇಕ ಊರಲ್ಲಿ ಗುಡಿಯ ಪೇಟಿ ಈಗ ಕಪಾಟಿನೊಳಗ ಬಿದ್ದದ. ಸ್ಪೀಕರಿನಲ್ಲಿ ರೆಕಾರ್ಡ್ ಭಜನೆ ಹಾಕ್ತಾರ. ನುಡಿಸುವ ಹಿರಿಯರು ಹೋದಂಗೆಲ್ಲ ಆ ಕಪಾಟಿನ ಕೀಲಿ ಎಲ್ಲೈತಿ ಅನ್ನೋದೂ ಮರೆತುಹೋಗ್ತದ. ನಿಮ್ಮೂರಿನ ಪೇಟಿ ಎಲ್ಲಿದೆ, ಯಾವ ವರ್ಷ ತಂದದ್ದು, ಪಟ್ಟಿ ಕೊಟ್ಟವರು ಯಾರು, ಮೊದಲು ನುಡಿಸಿದವರು ಯಾರು ಅಂತ ಈ ವಾರ ಒಬ್ಬ ಹಿರಿಯರನ್ನ ಕೇಳ್ರಿ. ಕೀಲಿ ಸಿಕ್ಕರೆ ತೆಗೆಸ್ರಿ, ಧೂಳು ಒರೆಸ್ರಿ, ಕಪ್ಪು ಮೂರರಿಂದ ಶುರು ಮಾಡ್ರಿ. ಈ ಸಲ ಆ ಪೇಟಿ ಮುಂದೆ ಯಾರು ಕೂಡಬಹುದು ಅನ್ನೋದಕ್ಕೆ ಹೊಸ್ತಿಲ ಅಡ್ಡಿ ಇರಬಾರದು, ಅಷ್ಟೇ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.